ಸೋದರಮಾವನ ಕಂಬಳಿ

ಕುರುಬರ ಮಾಳವ್ವನಿಗೆ ಇಬ್ಬರು ಮಕ್ಕಳು ಕಣ್ರಪ್ಪಾ. ದೊಡ್ಡವಳು ಕೆಂಚವ್ವ, ಒಂದು ಹೇಳಿದರೆ ಹತ್ತು ತಿಳಿದುಕೊಳ್ಳುವಳು. ಚಿಕ್ಕವನು ಅಮೋಗಿ. ಅವನಿಗೆ ಒಂದು ಹೇಳಿದರೆ ಒಂದೇ. ಆದರೆ ಆ ಒಂದನ್ನು ಅವನಷ್ಟು ಶ್ರದ್ಧೆಯಿಂದ ಮಾಡುವವರು ಸುತ್ತ ಏಳೂರಲ್ಲಿ ಇರಲಿಲ್ಲ. "ಹಾಲು ಉಕ್ಕತೈತಿ, ನೋಡಕೋ" ಎಂದರೆ ಒಲೆ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡುವನು. ಕೊನೆಯ ಹನಿಯೂ ಬೂದಿಗೆ ಬಿದ್ದ ಮೇಲೆ ಬಂದು, "ಚಲೋ ಉಕ್ಕಿತು ನೋಡವ್ವಾ!" ಎಂದು ಹೇಳುವನು. ಮಾಳವ್ವ ಹಣೆ ಹಣೆ ಬಡಿದುಕೊಳ್ಳುವಳು. ಅಮೋಗಿಗೆ ಮಾತ್ರ ತನ್ನ ಮೇಲೆ ಒಂದು ಸಾಸಿವೆಯಷ್ಟೂ ಅನುಮಾನ ಇರಲಿಲ್ಲ.

ಇಂಥ ತವರುಮನೆಯಲ್ಲಿ ಕೆಂಚವ್ವ ಚೊಚ್ಚಲ ಹೆತ್ತಳು. ಗಂಡುಕೂಸು, ಬೆಣ್ಣೆಮುದ್ದೆ.

ಅವರ ಮನೆತನದಲ್ಲಿ ಒಂದು ಪದ್ಧತಿ. ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕೆಳಗೆ ಹಾಸುವ ಕಂಬಳಿಯನ್ನು ಸೋದರಮಾವನೇ ಹೆಣೆಯಬೇಕು. ಮಗ್ಗ ಕೂಡದು, ಸೂಜಿ ಕೂಡದು, ಕಡ್ಡಿ ಕೂಡದು. ಹೆಬ್ಬೆರಳು ದಪ್ಪದ ಉಣ್ಣೆಯ ಎಳೆಯನ್ನು ಬರಿಗೈಯಲ್ಲಿ ಕುಣಿಕೆಯೊಳಗಿಂದ ಕುಣಿಕೆ ಎಳೆದೆಳೆದು ಹೆಣೆಯಬೇಕು. ಬೇರೆಯವರು ಒಂದು ಕುಣಿಕೆ ಹಾಕಿದರೂ ಅದು ಮಾವನ ಕಂಬಳಿ ಅಲ್ಲ. ಮಾವನ ಕಂಬಳಿ ಇಲ್ಲದೆ ತೊಟ್ಟಿಲು ತೂಗುವ ಹಾಗಿಲ್ಲ.

ಕೆಂಚವ್ವನ ಅತ್ತೆ ಭರಮವ್ವ ಬಾಯಿಗೆ ಬೀಗವಿಲ್ಲದ ಮುದುಕಿ. ಕೂಸಿನ ಮುಖ ನೋಡಲು ಬಂದವಳು ಹೋಗುವಾಗ ಹೊಸ್ತಿಲ ಮೇಲೆ ನಿಂತು ಹೇಳಿದಳು: "ಹದಿಮೂರನೇ ದಿನಕ್ಕ ಬರ್ತೀನಿ ಬೀಗತಿ. ನಿನ್ನ ಆ ಮಗನ ಕೈಯಾಗ ಕಂಬಳಿ ಆಗಲಿಲ್ಲಂದ್ರ, ತೊಟ್ಟಿಲಿಗೆ ಹಾಕದನ ಕೂಸಿನ್ನ ಎತ್ಕೊಂಡು ಹೋಗ್ತೀನಿ!"

ಹಾಗಾದರೆ ಕೆಂಚವ್ವ ಬದುಕಿರುವತನಕ ಗಂಡನ ಮನೆಯಲ್ಲಿ ತಲೆ ಎತ್ತುವುದುಂಟೆ? ಬಾಣಂತಿ ಗೋಡೆ ಕಡೆ ಮುಖ ತಿರುಗಿಸಿ ಅತ್ತಳು. ಅಮೋಗಿ ಹೋಗಿ ಅವಳ ಪಕ್ಕ ಕೂತ.

"ಅಳಬ್ಯಾಡಕ್ಕಾ. ಕಂಬಳಿ ತಾನ? ನಾ ಹೆಣೀತೀನಿ."

"ಎಂದಾರ ಹೆಣದೀಯೇನೋ ತಮ್ಮಾ?"

"ಇಲ್ಲ. ಅದಕ್ಕ ಒಂದೂ ತಪ್ಪು ಮಾಡಿಲ್ಲ ನೋಡು!"

ಮಾಳವ್ವ ಉಣ್ಣೆಯ ದೊಡ್ಡ ಉಂಡೆ ತಂದು ಅವನ ಮುಂದೆ ಇಟ್ಟಳು. "ಹಿಂಗ ಒಂದು ಕುಣಿಕಿ ಮಾಡು. ಅದರೊಳಗ ಕೈ ತೂರಸಿ ಎಳಿ ಜಗ್ಗು. ಇನ್ನೊಂದು ಕುಣಿಕಿ ಆತು. ಅದರೊಳಗ ಮತ್ತ ಜಗ್ಗು. ಹಂಗ ಮಾಡಕೊಂತ ಹೋಗು."

"ಇಷ್ಟ ಏನು!" ಎಂದ ಅಮೋಗಿ.

ಮಾಡಿಕೊಂಡು ಹೋದ. ಹೋದ ಎಂದರೆ ಹೋದ! ಮಧ್ಯಾಹ್ನ ಮಾಳವ್ವ ಬಂದು ನೋಡುತ್ತಾಳೆ, ಮಗ ಇಲ್ಲ. ಕುಣಿಕೆಗಳ ಸರಪಳಿಯೊಂದು ಹೊಸ್ತಿಲು ದಾಟಿ, ಅಂಗಳ ದಾಟಿ, ಓಣಿ ಹಿಡಿದು ಹೋಗಿದೆ. ಅದರ ಜಾಡು ಹಿಡಿದು ನಡೆದಳು. ಊರ ಹೊರಗಿನ ಹುಣಸೆ ಮರದ ಕೆಳಗೆ ಅಮೋಗಿ ಕೂತು ಇನ್ನೂ ಜಗ್ಗುತ್ತಿದ್ದಾನೆ.

"ಯಾಕಿಲ್ಲಿಗೆ ಬಂದ್ಯೋ ಹುಚ್ಚಪ್ಪಾ!"

"ಮಾಡಕೊಂತ ಹೋಗು ಅಂದಿ. ಬಂದೆ. ಹೊಳಿ ದಾಟಬೇಕೇನವ್ವಾ?"

"ನನ್ನ ಹಣೆಬರಾ! ಇದು ಕಂಬಳಿ ಅಲ್ಲೋ, ಹಗ್ಗ! ಇಪ್ಪತ್ತು ಎಣಿಸಬೇಕು, ಹಿಂದಕ್ಕ ತಿರುಗಬೇಕು. ಮತ್ತ ಇಪ್ಪತ್ತು, ಮತ್ತ ಹಿಂದಕ್ಕ. ತಿಳೀತೇನು?"

"ತಿಳೀತವ್ವಾ! ಇಪ್ಪತ್ತಕ್ಕ ಹಿಂದಕ್ಕ!"

ಮರುದಿನ ಬೆಳಿಗ್ಗೆ ಬಾಣಂತಿಗೆ ಎರೆಯಲು ನೀರು ಬೇಕಾಯಿತು. "ಒಂದು ಕೊಡ ನೀರು ತಗೊಂಡು ಬಂದು ಆಮ್ಯಾಲೆ ಹೆಣಿಯಾಕ ಕೂಡು" ಎಂದಳು ತಾಯಿ. ಅಮೋಗಿ ಮಣ್ಣಿನ ಕೊಡ ಎತ್ತಿಕೊಂಡು ಹೊರಟ. ಒಂದು, ಎರಡು, ಮೂರು... ಇಪ್ಪತ್ತು ಹೆಜ್ಜೆ. ಹಿಂದಕ್ಕೆ ತಿರುಗಿದ. ಮತ್ತೆ ಇಪ್ಪತ್ತು. ಮತ್ತೆ ಹಿಂದಕ್ಕೆ. ಬಾವಿ ಇದ್ದಲ್ಲೇ ಇತ್ತು, ಮನೆ ಇದ್ದಲ್ಲೇ ಇತ್ತು, ಅಮೋಗಿ ನಡುವೆ ಓಣಿಯಲ್ಲಿ ಓಡಾಡುತ್ತಲೇ ಇದ್ದ. ಓಣಿಯ ಜನ ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡಿದರು. ಎಷ್ಟನೆಯದೋ ತಿರುವಿನಲ್ಲಿ ಕೈ ಸೋತು ಕೊಡ ಜಾರಿತು. ಠಪ್! ಚೂರು ಚೂರು.

ಮಾಳವ್ವ ಓಡಿ ಬಂದಳು. "ನೀರೆಲ್ಲೋ?"

"ಸಾಲು ಹತ್ತಾಗ್ಯಾವ. ನೀರು ಇನ್ನೂ ಬಂದಿಲ್ಲ."

"ಅಯ್ಯ ನನ್ನ ಕರ್ಮವೇ! ಕೊಡಾನೂ ಹೋತಲ್ಲೋ! ಕೈಯಾಗ ಹಿಡದದ್ದನ್ನ ಬಿಗೀ ಹಿಡೀಬೇಕು! ಉಸಿರು ಕಟ್ಟಿ ಬಿಗೀ ಹಿಡೀಬೇಕು!"

"ಮೊದಲ ಹೇಳಬಾರದೇನವ್ವಾ? ಬಿಗೀ ಹಿಡೀತೀನಿ ತಗೋ!"

ಅಂದಿನಿಂದ ಮೂರು ದಿನ ಅಮೋಗಿ ಕೂತು ಹೆಣೆದ. ಇಪ್ಪತ್ತಕ್ಕೆ ಹಿಂದಕ್ಕೆ, ಇಪ್ಪತ್ತಕ್ಕೆ ಹಿಂದಕ್ಕೆ, ಸಾಲು ಸರಿಯಾಗಿಯೇ ಬಂತು. ಆದರೆ ಪ್ರತಿಯೊಂದು ಕುಣಿಕೆಯನ್ನೂ ಉಸಿರು ಕಟ್ಟಿ, ಕಾಲಲ್ಲಿ ಗೋಡೆಗೆ ಒದ್ದುಕೊಂಡು, ಮುಖ ಕೆಂಪಾಗುವ ತನಕ ಬಿಗಿದ. ಮುಗಿಸಿ ಎತ್ತಿ ನಿಲ್ಲಿಸಿದ. ನಿಂತಿತು! ಗೋಡೆಗೆ ಆನಿಸದೆ, ಯಾರೂ ಹಿಡಿಯದೆ, ಕಂಬಳಿ ತಾನಾಗಿಯೇ ನೆಟ್ಟಗೆ ನಿಂತಿತು.

"ಅಕ್ಕಾ, ನೋಡು! ಇಂಥಾ ಕಂಬಳಿ ಯಾವ ಮಾವಾ ಮಾಡಿದ್ದಾನು?"

ಕೆಂಚವ್ವ ಬೆರಳಲ್ಲಿ ಬಡಿದು ನೋಡಿದಳು. ಟಕ್ ಟಕ್ ಎಂದಿತು. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಮಾಳವ್ವನಿಗೆ ಬರೀ ಸಿಟ್ಟು ಬಂತು. "ಕೂಸಿನ್ನ ಇದರ ಮ್ಯಾಲೆ ಹಾಕಿದ್ರ ಬೆನ್ನು ಉಳದೀತೇನೋ! ಬಾಗಿಲಾ ಮಾಡೀದಿ, ಬಾಗಿಲಾ! ಸಡಿಲ ಬಿಡಬೇಕೋ! ಕುಣಿಕ್ಯಾಗ ನಾಕು ಬೆರಳು ಆಡಬೇಕು!"

"ನಾಕು ಬೆರಳು. ಆಡಬೇಕು. ತಿಳೀತು!"

ಇನ್ನು ಮೂರೇ ದಿನ ಉಳಿದಿದ್ದವು. ಆ ಸಂಜೆ ಟಗರು ಮೇದು ಮನೆಗೆ ಬಂತು. "ಅದನ್ನ ಗೂಟಕ್ಕ ಕಟ್ಟು" ಎಂದಳು ತಾಯಿ. ಅಮೋಗಿ ಕಟ್ಟಿದ. ಗೂಟಕ್ಕೆ ಹಗ್ಗ ಸುತ್ತಿ, ಕುಣಿಕೆಯೊಳಗೆ ನಾಲ್ಕು ಬೆರಳು ಹಾಕಿ ಆಡಿಸಿ ನೋಡಿದ. ಆಡಿದವು. ಟಗರು ಒಂದು ಸಲ ತಲೆ ಕೊಡವಿತು. ಕುಣಿಕೆ ಗೂಟದಿಂದ ಕಳಚಿತು. ಟಗರು ಹಗ್ಗ ಎಳೆದುಕೊಂಡು ಗಂಭೀರವಾಗಿ ನಡೆದು ಪಕ್ಕದ ಮನೆಯ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಗೆ ಬಾಯಿ ಹಾಕಿತು. ಅಮೋಗಿ ಸೊಂಟದ ಮೇಲೆ ಕೈ ಇಟ್ಟು ನೋಡುತ್ತ ನಿಂತ. ಪಕ್ಕದ ಮನೆಯವಳ ಬಾಯಿ ಓಣಿ ತುಂಬ ಕೇಳಿಸಿತು.

"ಗಂಟು ಬಿಚ್ಚೋದು ಕಾಣಲಿಲ್ಲೇನೋ?" ಎಂದು ಮಾಳವ್ವ ಅವನ ಕಿವಿ ಹಿಡಿದಳು.

"ಕಂಡಿತವ್ವಾ. ಚಲೋ ಸಡಿಲಿತ್ತು."

"ತಪ್ಪು ಕಂಡಕೂಡ್ಲೆ ನೋಡಕೊಂತ ನಿಂದ್ರಬಾರದೋ! ಪೂರಾ ಬಿಚ್ಚಬೇಕು! ಮೊದಲಿಂದ ಮತ್ತ ಮಾಡಬೇಕು! ಯಾರು ಏನಂದ್ರೂ ಬಿಚ್ಚಬೇಕು!"

ಈ ಮಾತು, ನೋಡ್ರಪ್ಪಾ, ಅಮೋಗಿಯ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಬಾಗಿಲಿನಂಥ ಆ ಕಂಬಳಿಯನ್ನು ಬಿಚ್ಚಿ ಹೊಸದಾಗಿ ಹೆಣೆಯಲು ಕೂತ. ಒಂದು ಕುಣಿಕೆ ಜಾರಿತು, ಬಿಚ್ಚಿದ. ಒಂದು ಸಾಲು ಸೊಟ್ಟಾಯಿತು, ಬಿಚ್ಚಿದ. ಅಂಚು ಒಳಕ್ಕೆ ಸರಿಯಿತು, ಎಣಿಸಿದರೆ ಹತ್ತೊಂಬತ್ತು, ಬಿಚ್ಚಿದ. ಮೂರು ದಿನದಲ್ಲಿ ಎಷ್ಟು ಸಲ ಬಿಚ್ಚಿದನೋ ಅವನಿಗೇ ಗೊತ್ತು. ಬಿಚ್ಚಿ ಬಿಚ್ಚಿ ಕೈಗೆ ಹದ ಬಂತು. ಹನ್ನೆರಡನೆಯ ದಿನ ಕಂಬಳಿ ಮುಗಿಯಿತು. ಅಬ್ಬಾ, ಎಂಥ ಕಂಬಳಿ! ದಪ್ಪಗೆ, ಮೆತ್ತಗೆ, ಕುಣಿಕೆಗೆ ಕುಣಿಕೆ ಒಂದೇ ಅಳತೆ. ಕೊನೆಯ ಕುಣಿಕೆಯೊಳಗೆ ಎಳೆಯ ತುದಿ ತೂರಿಸಿ ಅಮೋಗಿ ಕೈ ಕೊಡವಿದ. ಮಾಳವ್ವ ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಇಪ್ಪತ್ತು ವರ್ಷದಲ್ಲಿ ಮಗನ ಕೆಲಸ ನೋಡಿ ಸಂತೋಷಕ್ಕೆ ಅತ್ತದ್ದು ಅದೇ ಮೊದಲು.

ಹದಿಮೂರನೆಯ ದಿನ ಮನೆ ತುಂಬ ಬೀಗರು. ಭರಮವ್ವ ಕಂಬಳಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಒಂದು ಹುಳುಕು ಸಿಗಲಿಲ್ಲ. ಕಂಬಳಿ ಹಾಸಿದರು, ಕೂಸನ್ನು ಮಲಗಿಸಿದರು, ಹೆಂಗಸರು ಜೋಗುಳ ಎತ್ತಿಕೊಂಡರು. ಕೆಂಚವ್ವನ ಮುಖ ಅರಳಿತು. ಅಮೋಗಿ ಎದೆ ಉಬ್ಬಿಸಿ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದ.

ಸೋತು ಸುಮ್ಮನಿರಲು ಭರಮವ್ವನಿಗೆ ಆಗಬೇಕಲ್ಲ! ಬಗ್ಗಿ, ಕಣ್ಣು ಕಿರಿದು ಮಾಡಿ, ಕೊನೆಗೂ ಒಂದು ಹುಳುಕು ಹುಡುಕಿದಳು. "ಎಲ್ಲಾ ಚಲೋ ಐತಿ ಖರೇ. ಈ ಅಂಚಿನಾಗ ಒಂದು ಕುಣಿಕಿ ತಪ್ಪೇತಿ ನೋಡು."

"ತಪ್ಪೇತಿ?" ಎಂದ ಅಮೋಗಿ.

"ಬ್ಯಾಡೋ!" ಎಂದು ಮಾಳವ್ವ ಕೂಗಿದಳು. ಯಾರು ಏನೆಂದರೂ ಬಿಚ್ಚಬೇಕೆಂದು ಹೇಳಿದವಳೂ ಅವಳೇ ಅಲ್ಲವೆ? ಅಮೋಗಿ ತುದಿ ಹಿಡಿದು ಎಳೆದ. ಸರ್ರನೆ ಒಂದು ಸಾಲು. ಸರ್ರನೆ ಇನ್ನೊಂದು. ಜೋಗುಳ ನಿಂತಿತು. ಕೂಸಿನ ಕಾಲ ಕೆಳಗಿಂದ, ಬೆನ್ನ ಕೆಳಗಿಂದ, ತಲೆಯ ಕೆಳಗಿಂದ ಸರ್ರ ಸರ್ರನೆ ಕಂಬಳಿ ಬಿಚ್ಚಿಕೊಂಡು ಬಂತು. ಹಿಡಿಯಲು ಬಂದವರ ಕಾಲಿಗೆ ಎಳೆ ತೊಡರಿ ಮೂವರು ಬೀಗರು ಒಬ್ಬರ ಮೇಲೊಬ್ಬರು ಬಿದ್ದರು. ಬಿಚ್ಚಿದ ಉಣ್ಣೆಯನ್ನೆಲ್ಲ ಅಮೋಗಿ ಜೋಪಾನವಾಗಿ ಕೂಸಿನ ಸುತ್ತಲೇ ಪೇರಿಸಿದ.

"ಮಾವನ ಕಂಬಳಿ ಎಲ್ಲೋ?" ಎಂದು ಭರಮವ್ವ ಬಾಯಿ ಬಾಯಿ ಬಡಿದುಕೊಂಡಳು.

"ಇಲ್ಲೇ ಐತಲ್ಲ!" ಎಂದ ಅಮೋಗಿ. "ಒಂದು ಎಳೀನೂ ಕಡಿಮಿ ಇಲ್ಲ. ಎಣಿಸ್ಕೋರಿ!"

ಮುದುಕಿ ತೊಟ್ಟಿಲೊಳಗೆ ಬಗ್ಗಿದಳು. ಬೆಚ್ಚನೆಯ ಉಣ್ಣೆಯ ಗೂಡಿನ ನಡುವೆ ಕೂಸು ಮುಖ ಮೇಲಕ್ಕೆ ಮಾಡಿ, ಬಾಯಿ ಚೂರು ತೆರೆದು, ಮೊದಲಿಗಿಂತ ಗಾಢವಾಗಿ ಮಲಗಿತ್ತು. ನಿದ್ದೆಯಲ್ಲೇ ನಕ್ಕಿತು. ಭರಮವ್ವ ನೋಡಿದಳು, ನೋಡಿದಳು, ಅವಳ ಬಾಯಿಯೂ ಸಡಿಲವಾಯಿತು.

"ಮಾವನ ಕೈದ ಉಣ್ಣೀನ ಐತಲ್ಲ, ಇರಲಿ ಬಿಡ್ರಿ" ಎಂದಳು. "ತೂಗ್ರಿ ತೊಟ್ಟಿಲಾ!"

ಕೆಂಚವ್ವ ಕಣ್ಣೊರೆಸಿಕೊಂಡು ನಕ್ಕಳು. ಅಮೋಗಿ ಎರಡೂ ಕೈ ಮುಂದೆ ಚಾಚಿ ಉಣ್ಣೆಯ ಕಡೆ ಬಂದ. "ಬಿಚ್ಚೋದು ಆತವ್ವಾ. ಈಗ ಮೊದಲಿಂದ ಮತ್ತ ಮಾಡಲೇನು?"

ಮಾಳವ್ವ ಓಡಿ ಬಂದು ಅಡ್ಡ ನಿಂತಳು. "ಏನೂ ಮಾಡಬ್ಯಾಡೋ ನನ್ನಪ್ಪಾ! ನಿನ್ನ ಕಾಲಿಗೆ ಬೀಳ್ತೀನಿ, ಏನಂದ್ರ ಏನೂ ಮಾಡಬ್ಯಾಡ!"

ಅಮೋಗಿ ಕೈ ಚಾಚಿದ ಹಾಗೆಯೇ ನಿಂತ. ಬೀಗರು ಉಂಡರು, ಅವನು ಉಣ್ಣಲಿಲ್ಲ. ಅಕ್ಕ ಹೋಳಿಗೆ ಮುರಿದು ಬಾಯಿಗೆ ಹಿಡಿದಳು, ಬಾಯಿ ತೆರೆಯಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಓಡಿಸಲಿಲ್ಲ. ಈ ಸಲವಾದರೂ ಅವ್ವ ಹೇಳಿದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮರುದಿನ ಕೂಸಿನ ಬಟ್ಟೆ ಒಣಹಾಕಲು ಜಾಗ ಸಾಲದೆ ಹೋದಾಗ ಭರಮವ್ವ ಅವನ್ನು ತಂದು, ಚಾಚಿದ್ದ ಆ ಎರಡು ಕೈಗಳ ಮೇಲೆ ಒಂದೊಂದಾಗಿ ಹರವಿದಳಂತೆ. ಅಮೋಗಿ ಅದಕ್ಕೂ ಏನೂ ಮಾಡಲಿಲ್ಲ.