ತಡೆದಿಟ್ಟ ಕಂತು

"ಗುರುಗಳೇ, ಕಲಿತು ಮುಗಿಸಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಈಗ ನಿಮ್ಮ ಬಳಿ ಉಳಿದವನು ನಾನೊಬ್ಬನೇ. ಕೊನೆಯ ಪಾಠವೊಂದನ್ನು ಹೇಳಿಕೊಡದೆ ತಡೆದಿಟ್ಟುಕೊಂಡಿದ್ದರೆ ಅವರು ಹೋಗುತ್ತಿರಲಿಲ್ಲ, ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಂಗಡಿಯಲ್ಲಿ ದಿನವಿಡೀ ಮಾತು. ಮನೆಗೆ ಬಂದರೆ ತುಟಿ ಬಿಚ್ಚಲು ಕಾರಣವಿಲ್ಲ. ಅಡುಗೆಮನೆಯ ಚಾವಣಿ ಸೋರತೊಡಗಿದಾಗ, ಮನೆಯನ್ನು ಹೊಸದು ಮಾಡಿಸೋಣವೆಂದು ಒಬ್ಬ ಮೇಸ್ತ್ರಿಯನ್ನು ಕರೆಸಿದ.

'ಮನೆ ಕಟ್ಟಿ ನೋಡು' ಎಂದ ಹಿರಿಯರು, ಇದ್ದ ಮನೆಯನ್ನು ಒಡೆದು ಕಟ್ಟಿಸುವವನ ಪಾಡನ್ನು ಹೇಳಲು ಮರೆತರು. ಆದರೆ ವ್ಯಾಪಾರಿ ಯಾಮಾರುವವನಲ್ಲ. ಗುತ್ತಿಗೆಯ ಹಣವನ್ನು ನಾಲ್ಕು ಕಂತು ಮಾಡಿದ. ಹಳೆಯ ಗೋಡೆ ಕೆಡವಿದಾಗ ಒಂದು, ಚಾವಣಿ ಕೂತಾಗ ಒಂದು, ಗಾರೆ ಮುಗಿದಾಗ ಒಂದು. ನಾಲ್ಕನೆಯದು, ಕೆಲಸ ಮುಗಿಯಿತೆಂದು ತಾನು ಬಾಯಿಬಿಟ್ಟು ಹೇಳಿದ ದಿನ. ಪೇಟೆಯವರು ಅವನ ಜಾಣತನವನ್ನು ಮೆಚ್ಚಿದರು. ಮೇಸ್ತ್ರಿಯೂ ಒಪ್ಪಿದ.

ಕೆಲಸ ಶುರುವಾಯಿತು. ಬೆಳಗಾದರೆ ಬಾಗಿಲಲ್ಲಿ ಜನ. ಸುತ್ತಿಗೆಯ ಸದ್ದು, ಬೈಗುಳ, ನಗು. ಒಲೆಯ ಕಟ್ಟೆ ಎಷ್ಟೆತ್ತರ ಬೇಕು, ಗೂಡು ಯಾವ ಕಡೆ ಬೇಕು ಎಂದು ಮೇಸ್ತ್ರಿ ಕೇಳುತ್ತಿದ್ದ. ಹೆಂಡತಿ ಹೋದ ಮೇಲೆ, ನಿನಗೇನು ಬೇಕು ಎಂದು ವ್ಯಾಪಾರಿಯನ್ನು ಯಾರೂ ಕೇಳಿರಲಿಲ್ಲ. ಅವನು ಅಂಗಡಿಯನ್ನು ಬೇಗ ಮುಚ್ಚಿ ಬರತೊಡಗಿದ. ಮೇಸ್ತ್ರಿಯೊಡನೆ ಕೂತು ಕಾಫಿ ಕುಡಿಯುವ ಹೊತ್ತು ಅವನಿಗೆ ದಿನದ ಸುಖವಾಯಿತು.

ಮೂರು ಕಂತುಗಳನ್ನೂ ಹೇಳಿದ ದಿನಕ್ಕೆ ಕೊಟ್ಟ. ಕೆಲಸ ಮುಗಿಯಿತು. ಅದನ್ನು ಹೇಳಲು ಮಾತ್ರ ಅವನಿಗೆ ಬಾಯಿಯೇ ಬರಲಿಲ್ಲ. ಹೇಳಿದರೆ ಮೇಸ್ತ್ರಿ ಇನ್ನು ಬರುವುದಿಲ್ಲ ಎಂದು ಭಯವಾಯಿತು.

ಬಾಗಿಲು ನೆಲಕ್ಕೆ ಉಜ್ಜುತ್ತದೆ ಎಂದ. ಮೇಸ್ತ್ರಿ ಬಂದು ಸರಿಮಾಡಿ, ಕಾಫಿ ಕುಡಿದು ಹೋದ. ಬಚ್ಚಲಲ್ಲಿ ನೀರು ನಿಲ್ಲುತ್ತದೆ ಎಂದ. ಬೇರೆ ಕಡೆಯ ಕೆಲಸ ಬಿಟ್ಟು ಮೇಸ್ತ್ರಿ ಮತ್ತೆ ಬಂದ. ಕಡ್ಡಿಯನ್ನು ಗುಡ್ಡ ಮಾಡುವ ವಿದ್ಯೆ ವ್ಯಾಪಾರಿಗೆ ಚೆನ್ನಾಗಿ ಒಲಿಯಿತು. ಹೀಗೆ ಎಂಟು ತಿಂಗಳು ಕಳೆದವು. ಕೊನೆಗೆ ಹೇಳಲು ಒಂದು ಹುಳುಕೂ ಉಳಿಯದಿದ್ದಾಗ, ಮೊಳೆ ತೆಗೆದುಕೊಂಡು ತನ್ನ ಹೊಸ ಗೋಡೆಯನ್ನು ತಾನೇ ಗೀರಿ, ಬಿರುಕು ಬಿಟ್ಟಿದೆ ಎಂದು ಹೇಳಿಕಳಿಸಿದ.

ಮೇಸ್ತ್ರಿ ಬಂದು ಬಿರುಕಿನ ಮೇಲೆ ಬೆರಳಾಡಿಸಿದ. ಗೋಡೆಯ ಬುಡದಲ್ಲಿ ಗಾರೆಯ ಪುಡಿ ಇನ್ನೂ ಬಿದ್ದಿತ್ತು. ಬಿರುಕು ಮುಚ್ಚಿದ. ಕೈ ತೊಳೆದುಕೊಂಡು, ಕಾಫಿ ಬೇಡವೆಂದ.

"ಸಾವ್ಕಾರ್ರೇ, ಆ ಕೊನೇ ಕಂತು ನೀವೇ ಇಟ್ಕೊಳ್ಳಿ. ನಾನಿನ್ನು ಬರೋದಿಲ್ಲ."

ವ್ಯಾಪಾರಿ ಬಾಗಿಲವರೆಗೂ ಅವನ ಹಿಂದೆ ಬಂದ. "ಇಷ್ಟು ದಿನ ಬರೀ ದುಡ್ಡಿಗೋಸ್ಕರ ಬರ್ತಿದ್ದೆಯಾ ಮೇಸ್ತ್ರಿ?"

"ಸುಮ್ಮನೆ ಬಂದು ಮಾತಾಡಿಸಿ ಹೋಗೋಣ ಅಂತ ಎಷ್ಟೋ ಸಲ ಅನ್ನಿಸ್ತು. ಬಾಕಿ ಕೇಳೋಕೆ ಬಂದ ಅಂದ್ಕೋತೀರಿ ಅಂತ ಬರ್ಲಿಲ್ಲ."

ವ್ಯಾಪಾರಿ ಮರುದಿನವೇ ಹಣ ಕಳಿಸಿದ. ಮೇಸ್ತ್ರಿ ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದ. ಆಮೇಲೆ ವ್ಯಾಪಾರಿ ಆ ಹೊಸ ಅಡುಗೆಮನೆಯಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಬಾಗಿಲು ಉಜ್ಜುತ್ತಿರಲಿಲ್ಲ, ನೀರು ನಿಲ್ಲುತ್ತಿರಲಿಲ್ಲ, ಯಾರೂ ಬರುತ್ತಿರಲಿಲ್ಲ.

ಕತೆ ಮುಗಿಸಿ ಗುರುಗಳು ಶಿಷ್ಯನ ಕಡೆ ತಿರುಗಿದರು.

"ಇದೇ ನಿನ್ನ ಕೊನೆಯ ಪಾಠ ಮಗು, ಇನ್ನು ನೀನು ಹೊರಡಬಹುದು."