ಗೋಡೆ ಬಿಡದ ಕೆಸರು

ಎಣ್ಣೆಬಾವಿ ಕೊರೆಯುವಾಗ ಗೋಡೆ ಕುಸಿಯದಿರಲೆಂದು ಸುರಿದ ಕೆಸರು ಕೆಲಸ ಮುಗಿದ ಮೇಲೂ ಅಲ್ಲೇ ಅಂಟಿಕೊಂಡಿತ್ತು. ಬಾವಿಗೆ ಒಂದು ಹನಿ ಎಣ್ಣೆಯೂ ಇಳಿಯಲಿಲ್ಲ.

“ಕೆಸರಣ್ಣಾ, ಎಣ್ಣೆ ನಿನ್ನ ಬೆನ್ನ ಹಿಂದೆಯೇ ಬಂದು ನಿಂತಿದೆ. ದಾರಿ ಬಿಡು. ಇಲ್ಲದಿದ್ದರೆ ಬರಡೆಂದು ನನ್ನನ್ನು ಮುಚ್ಚಿಬಿಡುತ್ತಾರೆ,” ಎಂದಿತು ಬಾವಿ.

“ನೀನು ನಡುಗುವಾಗ ಹಿಡಿದುಕೊಂಡವನು ನಾನು. ಬಿಟ್ಟರೆ ಕುಸಿದು ಹೋಗುತ್ತೀ.”

“ಅಂದು ನೀನು ಹಿಡಿದೆ, ನಾನು ಬದುಕಿದೆ. ಇಂದೂ ಹಿಡಿದಿದ್ದೀಯ, ಅದಕ್ಕೇ ಸಾಯುತ್ತಿದ್ದೇನೆ.”

ಕೆಸರು ಕದಲಲಿಲ್ಲ. ಬಾವಿ ಮುಚ್ಚುವ ಮೊದಲು ಒಮ್ಮೆ ಆಮ್ಲ ಹಾಕಿ ತೊಳೆದು ನೋಡುವುದು ಅಲ್ಲಿನವರ ವಾಡಿಕೆ. ಹಾಗೆ ತೊಳೆದಾಗ ಕೆಸರು ಕಳಚಿಕೊಂಡು ಮೇಲೆ ಬಂದು ಪಕ್ಕದ ಕಸದ ಹೊಂಡಕ್ಕೆ ಬಿತ್ತು.

ಬಿಸಿಲಲ್ಲಿ ಒಣಗಿ ಬಿರಿಯುತ್ತಾ ಅದು ದಿನವೂ ಕೂಗಿ ಕೇಳುತ್ತಿತ್ತು: “ತಮ್ಮಾ, ಕುಸಿದೆಯಾ?”

ಬಾವಿ ಉತ್ತರ ಕೊಡಲಿಲ್ಲ. ಅದರ ಬಾಯಿ ತುಂಬ ಎಣ್ಣೆಯಿತ್ತು.