ಕೆಳಗಿನ ದಂಡೆ

ಹೊಳೆಯ ದಂಡೆಯ ಮೇಲೊಂದು ಆಶ್ರಮವಿತ್ತು. ಆಶ್ರಮವೆಂದರೆ ಕಾವಿಯವರದ್ದಲ್ಲ. ಹೆರಿಗೆಗೆಂದು ಎರಡು ಕೋಣೆ, ಬಿಸಿನೀರಿನ ಹಂಡೆ, ಒಂದು ಬೇವಿನ ಮರ, ಅಷ್ಟೇ.

ಅಲ್ಲಿಯ ಗುರು ಬಸಲಿಂಗಮ್ಮ. ಹೆತ್ತ ತಾಯಿಯಿಂದ ಸೂಲಗಿತ್ತಿಯ ಕೆಲಸ ಕಲಿತು, ಆಮೇಲೆ ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಎರಡೂ ಕಡೆಯ ಮಾತು ಬಲ್ಲವಳಾದ್ದರಿಂದಲೋ ಏನೋ, ಮಾತು ಕಡಿಮೆ. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು.

ಶಿಷ್ಯೆ ಇಂದುಮತಿ ಪಟ್ಟಣದಲ್ಲಿ ಡಾಕ್ಟರಿಕೆ ಓದಿ ಬಂದವಳು. ಕೈ ಒಳ್ಳೆಯದು, ಮನಸ್ಸೂ ಒಳ್ಳೆಯದು. ಬಾಯಿ ಮಾತ್ರ ಪುಸ್ತಕದ್ದು.

ಒಂದು ಬೆಳಿಗ್ಗೆ ಅಂಬಿಗರ ಯಂಕಪ್ಪ ಹೆಂಡತಿಯನ್ನು ನಡೆಸಿಕೊಂಡು ಆಶ್ರಮದ ಮುಂದಿನ ದಂಡೆಗೆ ಬಂದ. ಅವನ ಹರಿಗೋಲು ಇರುತ್ತಿದ್ದುದು ಅಲ್ಲೇ. ಹೆಂಡತಿ ಹುಲಿಗೆಮ್ಮ ತುಂಬು ಬಸುರಿ, ಬೇನೆ ಶುರುವಾಗಿತ್ತು.

ಅವಳ ಮೊದಲನೇ ಮಗು ಆಪರೇಷನ್ ಆಗಿ ಹುಟ್ಟಿದ್ದು. ಆ ಹೊಲಿಗೆಯ ಮೇಲೆ ಮತ್ತೆ ಬೇನೆ ಬಂದಾಗ ಮನೆಯಲ್ಲಾಗಲಿ ಆಶ್ರಮದಲ್ಲಾಗಲಿ ಇಟ್ಟುಕೊಳ್ಳುವುದು ಸರಿಯಲ್ಲ. ಒಳಗಿನ ಹೊಲಿಗೆ ಬಿಚ್ಚಿದರೆ ಜೀವಕ್ಕೇ ಅಪಾಯ. ಹೊಳೆ ದಾಟಿ ಆಚೆಯ ಆಸ್ಪತ್ರೆಗೆ ಹೋಗಬೇಕು. ಸೇತುವೆಗೆ ಸುತ್ತಿ ಹೋದರೆ ಎರಡು ತಾಸು. ಹೊಳೆ ತುಂಬಿತ್ತು ನಿಜ, ಯಂಕಪ್ಪ ದಾಟಿಸಲಾರದಷ್ಟೇನೂ ಅಲ್ಲ.

ಆದರೆ ಹುಲಿಗೆಮ್ಮ ಹರಿಗೋಲು ಹತ್ತಲೊಲ್ಲೆ ಎಂದು ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು. ಗಂಡ ಹೇಳಿ ಹೇಳಿ ಸೋತ.

ಅವ್ವ ಆಚೆ ದಂಡೆಗೆ ಆಸ್ಪತ್ರೆಯ ಗಾಡಿ ತರಿಸಲು ಫೋನ್ ಮಾಡಿ, ಶಿಷ್ಯೆಗೆ ಹೇಳಿದಳು: “ಯಾಕ ಒಲ್ಲೆ ಅಂತಾಳ, ಕೇಳ್ಕೊಂಡು ಬಾ.”

ಇಂದುಮತಿ ಹೋಗಿ ಕೇಳಿದಳು. ಹುಲಿಗೆಮ್ಮ ಮುಖ ಎತ್ತಲಿಲ್ಲ.

“ಹ್ವಾದ ಸಲ ನೀವೇ ಅಂದ್ರಲ್ರಿ ಅಕ್ಕಾರ. ಫೇಲ್ ಅಂತ.”

ಇಂದುಮತಿಗೆ ನೆನಪಾಯಿತು. ಎರಡು ವರ್ಷದ ಹಿಂದೆ ಹುಲಿಗೆಮ್ಮ ಇದೇ ಆಶ್ರಮದಲ್ಲಿ ಹದಿನೆಂಟು ತಾಸು ಬೇನೆ ತಿಂದಿದ್ದಳು. ಮಗು ಕೆಳಗಿಳಿಯಲಿಲ್ಲ. ಇಂದುಮತಿ ಹೊಸ್ತಿಲಲ್ಲಿ ನಿಂತು ಆಸ್ಪತ್ರೆಗೆ ಫೋನ್ ಮಾಡಿ, ಹೆರಿಗೆ ಫೇಲಾಗಿದೆ, ಕಳಿಸುತ್ತಿದ್ದೇನೆ ಎಂದಿದ್ದಳು. ಡಾಕ್ಟರುಗಳು ದಿನಾ ಆಡುವ ಮಾತು. ಯಾರನ್ನೂ ಬೈದದ್ದಲ್ಲ.

ಹೊಸ್ತಿಲಿನ ಹೊರಗೆ ಹುಲಿಗೆಮ್ಮನ ಅತ್ತೆ ಹನುಮವ್ವ ಕೂತಿದ್ದಳು. ಫೇಲ್ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಯಿತು. ಮಗನೇನೋ ಗುಂಡುಕಲ್ಲಿನ ಹಾಗೆ ಬೆಳೆದ. ತಾಯಿ ನೀರಿಗೆ ಹೋದರೆ ಮಾತ್ರ ಫೇಲಾದಾಕಿ ಬಂದಳು ಎನ್ನುವವರು ಇದ್ದೇ ಇದ್ದರು.

“ಈ ಸಲ ಮನ್ಯಾಗ ಹಡಿತೀನ್ರಿ. ಸತ್ರ ಸಾಯ್ತೀನಿ. ಫೇಲಂತೂ ಆಗಂಗಿಲ್ಲ.”

ಇಂದುಮತಿ ಪಕ್ಕದಲ್ಲಿ ಕೂತು ತಿಳಿಸಿ ಹೇಳಿದಳು. ಆ ಮಾತು ಗರ್ಭಕ್ಕೆ ಹೇಳುವಂಥದ್ದು, ನಿನಗೆ ಹೇಳಿದ್ದಲ್ಲ ಎಂದಳು.

“ಗರ್ಭ ಏನ್ ಬಾಜೂ ಮನಿಯಾಕೀದೇನ್ರಿ?”

ಇಂದುಮತಿ ಎದ್ದು ಬಂದಳು. ಅವ್ವ ಹಳೆಯ ಸೀರೆ ಹರಿದು ಮಡಿಚಿಡುತ್ತಿದ್ದಳು. ನಡೆದದ್ದನ್ನು ಕೇಳಿ, ಮತ್ತೊಮ್ಮೆ ಹೋಗು ಎಂದಳೇ ಹೊರತು ಹೀಗೆ ಮಾತಾಡು ಎಂದು ಹೇಳಿಕೊಡಲಿಲ್ಲ.

ಈ ಸಲ ಇಂದುಮತಿ ಬೆಲ್ಲದಂಥ ಮಾತು ಹುಡುಕಿಕೊಂಡು ಹೋದಳು. ನಿನ್ನಂಥ ಗಟ್ಟಿಗಿತ್ತಿ ಇಲ್ಲ ಎಂದಳು. ಹೋದ ಸಲವೂ ತೊಂದರೆಯೇನೂ ಆಗಲಿಲ್ಲ, ಎಲ್ಲ ಹೂ ಎತ್ತಿದ ಹಾಗೆ ಆಯಿತು ಎಂದಳು.

ಹುಲಿಗೆಮ್ಮ ಮುಖ ತಿರುಗಿಸಿದಳು. “ಹೂ ಎತ್ತಿದಂಗೇನ್ರಿ? ನಾ ಅಲ್ಲೇ ಇದ್ನಿ.”

ಬೇನೆ ಹತ್ತಿರ ಹತ್ತಿರ ಬರತೊಡಗಿತು. ಇಂದುಮತಿ ಓಡಿ ಬಂದು ಅವ್ವನ ಮುಂದೆ ಅತ್ತೇಬಿಟ್ಟಳು.

“ನನ್ನ ಒಂದು ಮಾತಿನಿಂದ ಅವಳು ಸಾಯ್ತಾಳೆ ಅವ್ವ. ಏನು ಹೇಳಲಿ ನಾನು?”

ಅವ್ವ ಸೀರೆಯ ತುಂಡುಗಳನ್ನು ಬದಿಗಿಟ್ಟು ಎದ್ದಳು. ಹೋಗಿ ಹುಲಿಗೆಮ್ಮನ ಹಿಂದೆ ಕೂತು, ಬಂದ ಬೇನೆ ಇಳಿಯುವ ತನಕ ಸೊಂಟ ತೀಡಿದಳು. ಆಮೇಲೆ ಕೇಳಿದಳು.

“ಕೂಸು ಬೇಕೋ ಬ್ಯಾಡೋ?”

“ಬೇಕವ್ವ.”

“ಹಂಗಾರ ದಾಟು.” ಅವ್ವ ಶಿಷ್ಯೆಯ ಕಡೆ ತಿರುಗಿದಳು. “ನೀ ಆಕಿ ಜೋಡಿ ಹೋಗು. ಬಾಯಿ ಇಲ್ಲೇ ಇಟ್ಟು ಹೋಗು.”

ಅಂಥ ನೋವಿನಲ್ಲೂ ಹುಲಿಗೆಮ್ಮನ ತುಟಿಯ ಮೂಲೆಯಲ್ಲಿ ನಗು ಹಾದುಹೋಯಿತು. ಗಂಡನ ಹೆಗಲು ಹಿಡಿದು ಎದ್ದಳು.

ತುಂಬಿದ ಹೊಳೆಯಲ್ಲಿ ಇಂದುಮತಿ ಹರಿಗೋಲು ಹತ್ತಿದ್ದು ಅದೇ ಮೊದಲು. ಆಚೆ ದಂಡೆಯ ಕಲ್ಲಿನ ಮೆಟ್ಟಿಲು ಎದುರಿಗೇ ಕಾಣುತ್ತಿತ್ತು, ಅದರ ಮೇಲೆ ಆಸ್ಪತ್ರೆಯ ಗಾಡಿಯೂ ಬಂದು ನಿಂತಿತ್ತು. ಯಂಕಪ್ಪ ಹುಟ್ಟು ಹಾಕಿದ. ಹರಿಗೋಲು ಅರ್ಧ ಹೊಳೆ ನೆಟ್ಟಗೆ ಹೋಯಿತು. ಆಮೇಲೆ ಸೆಳವಿಗೆ ಸಿಕ್ಕು ಒಂದು ಸುತ್ತು ತಿರುಗಿತು, ಮತ್ತೊಂದು ಸುತ್ತು ತಿರುಗಿತು. ಮೆಟ್ಟಿಲು ಬಲಕ್ಕೆ ಸರಿಯುತ್ತ ಹಿಂದೆ ಉಳಿಯಿತು.

ಇಂದುಮತಿಗೆ ಅವ್ವನ ಅಪ್ಪಣೆ ಮರೆತುಹೋಯಿತು. “ಯಂಕಪ್ಪ, ಮೆಟ್ಟಿಲು ತಪ್ಪಿತು. ತಿರುಗಿಸು.”

ಯಂಕಪ್ಪನಿಗೆ ಮಾತಾಡಲು ಪುರಸೊತ್ತಿರಲಿಲ್ಲ. ಹೇಳಿದವಳು ಹುಲಿಗೆಮ್ಮ.

“ಹೊಳಿ ತುಂಬಿದಾಗ ಮೆಟ್ಟಲಿಗೆ ಹತ್ತಾಕ ಆಗಂಗಿಲ್ರಿ ಅಕ್ಕಾರ. ಕೆಳಗ ದಂಡಿ ಹತ್ತತೀವಿ.”

“ಹಾಗೆ ಹತ್ತಿದರೂ ದಾಟಿದ ಹಾಗೆಯೇ?”

ಇವಳಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎನ್ನುವಂತೆ ಹುಲಿಗೆಮ್ಮ ನೋಡಿದಳು. “ಮಂದಿ ಎಲ್ಲಾ ದಂಡಿ ಮ್ಯಾಲೆ ನಿಂತಾರಂದ್ರ ದಾಟಿದಂಗ ಅಲ್ಲೇನ್ರಿ?”

ಇಂದುಮತಿ ನೀರು ನೋಡುತ್ತ ಕೂತಳು. ನಾಚಿಕೆಯಾಯಿತು. ಇಷ್ಟು ಸಾದಾ ಮಾತು ಎರಡು ವರ್ಷ ತನ್ನ ಎದುರಿಗೇ ಇತ್ತು, ಕೇಳುವ ಬುದ್ಧಿ ತನಗೆ ಬಂದಿರಲಿಲ್ಲ.

“ಹುಲಿಗೆಮ್ಮ, ಹೋದ ಸಲ ನೀನು ಕೆಳಗೆ ದಂಡೆ ಹತ್ತಿದ್ದೆ. ಫೇಲ್ ಅಂದದ್ದು ನನ್ನ ತಪ್ಪು.”

ಅಷ್ಟರಲ್ಲಿ ಹುಲಿಗೆಮ್ಮನಿಗೆ ಮತ್ತೆ ಬೇನೆ ಬಂತು. ಕೈಗೆ ಸಿಕ್ಕಿದ್ದು ಇಂದುಮತಿಯ ಮುಂಗೈ. ಅದನ್ನು ಹಿಡಿದವಳು ದಂಡೆ ಮುಟ್ಟುವವರೆಗೂ ಬಿಡಲಿಲ್ಲ.

ಗಾಡಿಯವನು ದಂಡೆಗುಂಟ ಕೆಳಗೆ ಬಂದು ಅವರನ್ನು ಹತ್ತಿಸಿಕೊಂಡ.

ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಹಳೆಯ ಹೊಲಿಗೆ ತೆಳುವಾಗಿದೆ, ಕಾಯುವುದು ಬೇಡ, ಈಗಲೇ ಆಪರೇಷನ್ ಮಾಡೋಣ ಎಂದರು. ಒಳಗೆ ಕರೆದೊಯ್ಯುವಾಗ ಹುಲಿಗೆಮ್ಮ ಇಂದುಮತಿಯನ್ನು ಹತ್ತಿರ ಕರೆದಳು.

“ಈ ಸಲಾನೂ ಕೆಳಗೇನ್ರಿ?”

“ಹೌದು. ಕೆಳಗೇ.”

“ಆಗಲಿ ಬಿಡ್ರಿ.”

ಹೆಣ್ಣುಮಗು ಹುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಹನುಮವ್ವ ಸೇತುವೆ ಸುತ್ತಿ, ರೊಟ್ಟಿಯ ಗಂಟು ಹಿಡಿದು ಬಂದಳು. ಬಾಗಿಲಲ್ಲೇ ಇಂದುಮತಿಯನ್ನು ನಿಲ್ಲಿಸಿ, ಈ ಸಲವೂ ಫೇಲೇ ಎಂದು ಕೇಳಿದಳು. ಅಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು.

“ಹೊಳೆ ತುಂಬಿತ್ತು, ಹನುಮವ್ವ. ನಿನ್ನ ಸೊಸೆ ಕೆಳಗೆ ದಂಡೆ ಹತ್ತಿದಳು.”

ಹನುಮವ್ವ ನಲವತ್ತು ವರ್ಷ ಹರಿಗೋಲಿಗೆ ಹುಟ್ಟು ಹಾಕಿದವಳು. ಅವಳಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಇಬ್ರೂ ದಂಡಿ ಹತ್ತ್ಯಾರ?”

“ಇಬ್ಬರೂ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸೊಸೆಯ ಮಂಚದ ಹತ್ತಿರ ಕೂತು, ಯಾವತ್ತೂ ಇಲ್ಲದವಳು ಅವಳ ಪಾದ ಒತ್ತತೊಡಗಿದಳು.

ನಾಲ್ಕನೇ ದಿನ ಹೊಳೆ ಇಳಿದ ಮೇಲೆ ಇಂದುಮತಿ ಆಶ್ರಮಕ್ಕೆ ಮರಳಿದಳು. ಅವಳ ಕಾಲು ನೆಲದ ಮೇಲಿರಲಿಲ್ಲ. ನಡೆದದ್ದನ್ನೆಲ್ಲ ಒಂದೂ ಬಿಡದೆ ಅವ್ವನಿಗೆ ಹೇಳಿದಳು. ಹೆರಿಗೆಯ ಹಳೆಯ ಪುಸ್ತಕ ತೆಗೆದು, ಹುಲಿಗೆಮ್ಮನ ಹೆಸರಿನ ಮುಂದೆ ತಾನೇ ಬರೆದಿದ್ದ ಮಾತನ್ನು ಹೊಡೆದುಹಾಕಿ, ಕೆಳಗೆ ದಂಡೆ ಹತ್ತಿದಳು ಎಂದು ಬರೆದಳು.

ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಂದೆ ಆಪರೇಷನ್ ಆದವರಿಗೆಲ್ಲ ಹೀಗೇ ಹೇಳಬೇಕು, ಹೀಗೇ ಬರೆಯಬೇಕು ಎಂದಳು. ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚುತ್ತೇನೆ, ಪಟ್ಟಣದ ಗೆಳತಿಯರಿಗೂ ಕಳಿಸುತ್ತೇನೆ ಎಂದಳು.

ಅವ್ವ ಹಂಡೆಯ ಕೆಳಗೆ ಕಟ್ಟಿಗೆ ಮುಂದೂಡುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ಒಳಕೋಣೆಯಲ್ಲಿ ಒಬ್ಬಳು ಬೇನೆ ತಿನ್ನುತ್ತಿದ್ದಾಳೆ, ನೋಡಿದೆಯಾ ಎಂದು ಕೇಳಿದಳು.

ಇಂದುಮತಿ ಇನ್ನೂ ನೋಡಿರಲಿಲ್ಲ. ಯಾರವಳು ಎಂದಳು.

“ಗುಡ್ಡದ ಕಡಿಯಾಕಿ, ಕಂಬಳಿ ನೇಯೋರ ಮನಿ,” ಎಂದಳು ಅವ್ವ. “ಹೊಳಿ ಕಂಡದ್ದು ಇವತ್ತೇ ಮೊದಲು.”